ಮೂರೇ ದಿನಕ್ಕೆ ನೋವು ಹೋಯ್ತು ಅಂದರೆ ಆ ಪುಡಿಯ ಮೇಲೆ ಅನುಮಾನ ಪಡಿ

ತುಮಕೂರು, ಕೊರಟಗೆರೆ, ಮಧುಗಿರಿ ಕಡೆ ಒಂದು ತಂಡ ಸುತ್ತುತ್ತಿದೆ. ಮೈಕೈ ನೋವು, ಮಂಡಿ ನೋವು, ನರದ ನೋವು, ಎಲ್ಲಕ್ಕೂ ಗಿಡಮೂಲಿಕೆ ಪುಡಿ ಕೊಡುತ್ತಾರೆ. ಸೈಡ್ ಎಫೆಕ್ಟ್ ಇಲ್ಲ, ಮೂರು ದಿನದಲ್ಲಿ ನಿಮಗೇ ಗೊತ್ತಾಗುತ್ತೆ ಅಂತಾರೆ. ಮೂರು ದಿನದಲ್ಲಿ ಗೊತ್ತಾಗೋದು ನಿಜ. ಅಪಾಯ ಇರೋದೂ ಅಲ್ಲೇ. ಆ ಪುಡಿ ತಿಂದು ನಾನು ಐಸಿಯು ನೋಡಿ ಬಂದಿದ್ದೇನೆ. ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋವು, ಸುಸ್ತು ತಿಂಗಳುಗಟ್ಟಲೆ ಬಿಡದ ಕಾಯಿಲೆ ಇರುವವರು, ಮನೆಯಲ್ಲಿ ಅಂಥವರು ಇರುವವರು, ದಯವಿಟ್ಟು ಪೂರ್ತಿ ಓದಿ.

ನನ್ನದು ಟೈಲರಿಂಗ್ ಕೆಲಸ. ತುಮಕೂರಿನ ಬಟವಾಡಿ ಹತ್ತಿರ ಮನೆಯ ಮುಂದಿನ ರೂಮೇ ಅಂಗಡಿ. ಕೆಲವು ವರ್ಷದಿಂದ ಮೈಯೆಲ್ಲ ನೋವು. ಕತ್ತು, ಭುಜ, ಸೊಂಟ, ತೊಡೆ, ಇಂಥ ಕಡೆ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ರಾತ್ರಿ ಪೂರ್ತಿ ಮಲಗಿ ಎದ್ದರೂ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಿರುತ್ತಿತ್ತು. ಬ್ಲೌಸಿನ ಅಳತೆ ತೆಗೆದು ಬರೆದುಕೊಳ್ಳುವಷ್ಟರಲ್ಲಿ ತೋಳಿನ ಅಳತೆ ಮರೆತುಹೋಗುತ್ತಿತ್ತು. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಥೈರಾಯ್ಡ್, ವಿಟಮಿನ್ ಡಿ, ಎಲ್ಲ ರಕ್ತ ಪರೀಕ್ಷೆ ಮಾಡಿಸಿದ್ದಾಯ್ತು. ಎಲ್ಲ ನಾರ್ಮಲ್. "ನಿಮಗೇನೂ ಇಲ್ಲಮ್ಮ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅಂದವರೇ ಜಾಸ್ತಿ. ನಮ್ಮತ್ತೆ ಅಂತೂ ಮಿಷನ್ ಮುಂದೆ ಕೂತು ಕೂತು ವಾಯು ಹಿಡಿದಿದೆ ಅಂತ ತೀರ್ಪು ಕೊಟ್ಟುಬಿಟ್ಟಿದ್ದರು.

ಕೊನೆಗೆ ಬೆಂಗಳೂರಿನ ಒಬ್ಬರು ರುಮಟಾಲಜಿ (ಕೀಲು, ವಾತರೋಗದ) ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯಾ. ಮೊದಲೆಲ್ಲ, 1990ರ ನಿಯಮದ ಪ್ರಕಾರ, ಮೈಮೇಲೆ 18 ಜಾಗ ಒತ್ತಿ ನೋಡಿ, 11 ಕಡೆ ನೋವಿದ್ದರೆ ಇದು ಅಂತಿದ್ದರಂತೆ. 2010ರ ನಂತರ ಒತ್ತಿ ನೋಡಲೇಬೇಕು ಅಂತಿಲ್ಲ. ನೋವು ಎಲ್ಲೆಲ್ಲಿ, ಮೂರು ತಿಂಗಳಿಂದ ಇದೆಯಾ, ನಿದ್ದೆ ಹೇಗೆ, ಸುಸ್ತು ಎಷ್ಟು, ಮರೆವು ಇದೆಯಾ ಅಂತ ಕೇಳಿ ನಿರ್ಧಾರ ಮಾಡುತ್ತಾರೆ. ಕೀಲು ಸವೆದಿಲ್ಲ, ಮಾಂಸ ಕೆಟ್ಟಿಲ್ಲ. ಮೆದುಳು, ಬೆನ್ನುಹುರಿ ನೋವನ್ನು ಇರೋದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತವೆ ಅಂದರು. ನೋವು ಸುಳ್ಳಲ್ಲ ಅಂತ ಒಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. ಅರ್ಧ ಕಾಯಿಲೆ ಅಲ್ಲೇ ಇಳಿದ ಹಾಗಾಯ್ತು.

ಉಳಿದರ್ಧ ಇಳಿಯೋದು ಮಾತ್ರ ಬಹಳ ನಿಧಾನ. ರಾತ್ರಿ ಮಲಗುವಾಗ ಅಮಿಟ್ರಿಪ್ಟಿಲಿನ್ ಅನ್ನೋ ಮಾತ್ರೆ, ಕಡಿಮೆ ಡೋಸ್. ದಿನಾ ವಾಕಿಂಗ್, ಅದೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿಕೊಂಡು. ಮೈ ನೋಯುವವರಿಗೆ ವ್ಯಾಯಾಮ ಮಾಡಿ ಅಂದರೆ ಸಿಟ್ಟು ಬರುತ್ತೆ, ನನಗೂ ಬಂತು. ಆದರೆ ಯುರೋಪಿನ ವಾತರೋಗ ತಜ್ಞರು ಅಷ್ಟೂ ಸಂಶೋಧನೆ ತೂಗಿ ನೋಡಿ 2016ರಲ್ಲಿ ಕೊಟ್ಟ ಸಲಹೆಯಲ್ಲಿ ಗಟ್ಟಿಯಾಗಿ ಮಾಡಿ ಅಂದಿದ್ದು ಇದೊಂದನ್ನೇ. ಮಾತ್ರೆಗಳಿಗೆಲ್ಲ ಬರೀ ಪರವಾಗಿಲ್ಲ, ಪ್ರಯತ್ನಿಸಿ ಅನ್ನೋ ಮಟ್ಟದ ಶಿಫಾರಸು. ಜೊತೆಗೆ ಡಾಕ್ಟರು ಇನ್ನೊಂದು ಕೆಲಸ ಹೇಳಿದ್ದರು. ದಿನಾ ರಾತ್ರಿ ನೋವಿಗೆ 0ಯಿಂದ 10ರೊಳಗೆ ಒಂದು ನಂಬರ್ ಬರೆದಿಡಿ, ನಿದ್ದೆ ಎಷ್ಟು ಗಂಟೆ ಅಂತಲೂ ಬರೆಯಿರಿ ಅಂತ. ನಾನು ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಾ ಬಂದೆ. ಆ ಪುಸ್ತಕದ ವಿಷಯ ಆಮೇಲೆ ಹೇಳುತ್ತೇನೆ.

ಯುಗಾದಿ ಹೊತ್ತಿಗೆ ಒಂದು ಕಲ್ಯಾಣ ಮಂಟಪದಲ್ಲಿ ಶಿಬಿರ ಅಂತ ಬ್ಯಾನರ್ ಬಿತ್ತು. ಸಿದ್ಧರಬೆಟ್ಟದ ಗಿಡಮೂಲಿಕೆ, ಅಂತ ದೊಡ್ಡ ಅಕ್ಷರದಲ್ಲಿ. ನಮ್ಮ ಜಿಲ್ಲೆಯವರಿಗೆ ಅಷ್ಟು ಸಾಕು. ಕೊರಟಗೆರೆ ತಾಲ್ಲೂಕಿನ ಆ ಬೆಟ್ಟದಲ್ಲಿ ಔಷಧಿ ಗಿಡಗಳಿವೆ ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಬೆಟ್ಟದ ಹೆಸರು ಬ್ಯಾನರಿನಲ್ಲಿದ್ದ ಮಾತ್ರಕ್ಕೆ ಬೆಟ್ಟದ ಬೇರು ಪೊಟ್ಟಣದಲ್ಲಿರಬೇಕು ಅಂತೇನಿಲ್ಲ ಅಲ್ವಾ.

ಒಬ್ಬ ಪಂಡಿತರು ನಾಡಿ ಹಿಡಿದು ನೋಡಿದರು. "ವಾತ ಕೆಟ್ಟಿದೆ ತಾಯಿ, ಇಂಗ್ಲಿಷ್ ಮಾತ್ರೆ ಕಿಡ್ನಿ ತಿಂದುಬಿಡುತ್ತೆ, ಬಿಟ್ಬಿಡಿ" ಅಂದರು. ಕೊಟ್ಟಿದ್ದು ಪ್ಲಾಸ್ಟಿಕ್ ಕವರಿನಲ್ಲಿ ಕಂದು ಪುಡಿ, ಲೇಬಲ್ ಇಲ್ಲದ ಬಿಳಿ ಡಬ್ಬಿಯಲ್ಲಿ ಕ್ಯಾಪ್ಸೂಲ್, ಹಚ್ಚಿಕೊಳ್ಳೋಕೆ ಎಣ್ಣೆ. ತಿಂಗಳಿಗೆ 3,800 ರೂಪಾಯಿ. ಬಿಲ್ ಕೇಳಿದರೆ ಒಂದು ಚೀಟಿ ಹರಿದು ಕೊಟ್ಟರು. ಅದರಲ್ಲಿ ಔಷಧಿ ಅನ್ನೋ ಪದವೇ ಇಲ್ಲ. "ದೇಣಿಗೆ" ಅಂತ ಬರೆದಿತ್ತು. ಔಷಧಿ ಮಾರಿದ್ದಕ್ಕೆ ಸಾಕ್ಷಿಯೇ ಇರಬಾರದು ಅಂತ ಹಾಗೆ ಬರೆದದ್ದು ಅಂತ ನನಗೆ ಗೊತ್ತಾಗಿದ್ದು ಗ್ರಾಹಕರ ಆಯೋಗಕ್ಕೆ ದೂರು ಬರೆಯುವಾಗ.

ಅವರ ಮಾತಿನ ಕಟ್ಟು ನೋಡಿ. ನೋವು ಇಳಿದರೆ ಪುಡಿ ಕೆಲಸ ಮಾಡಿತು. ನೋವು ಜಾಸ್ತಿಯಾದರೆ ಕಾಯಿಲೆ ಹೊರಗೆ ಬರುತ್ತಿದೆ, ಅದೂ ಒಳ್ಳೆಯದೇ. ಏನೂ ಆಗದಿದ್ದರೆ ಪಥ್ಯ ತಪ್ಪಿದ್ದೀರಿ. ಪಥ್ಯದ ಪಟ್ಟಿ ಹೇಗಿತ್ತು ಅಂದರೆ ಬದನೆಕಾಯಿ, ಆಲೂಗಡ್ಡೆ, ಕೋಳಿ, ಹುಣಸೆಹುಳಿ, ಮೊಸರು, ಹೊರಗಿನ ಕಾಫಿ. ತುಮಕೂರಿನಲ್ಲಿ ಹುಣಸೆಹುಳಿ ತಾಗದ ಸಾರು ಯಾರ ಮನೆಯಲ್ಲಿ ಮಾಡುತ್ತಾರೆ ಹೇಳಿ. ತಪ್ಪಲೇಬೇಕು ಅಂತಲೇ ಮಾಡಿದ ಪಟ್ಟಿ ಅದು. ಮೂರು ದಾರಿಯೂ ಅವರ ಮನೆ ಬಾಗಿಲಿಗೇ ಹೋಗುತ್ತವೆ. ಹೀಗೆ ಮಾತಾಡುವವರ ಔಷಧಿ ಕೆಲಸ ಮಾಡುತ್ತಾ ಇಲ್ವಾ ಅಂತ ಯಾವತ್ತೂ ಗೊತ್ತಾಗೋಕೆ ಸಾಧ್ಯವಿಲ್ಲ.

ಮೂರನೇ ದಿನಕ್ಕೆ ಮೈ ಹಗುರ. ಬೆಳಗಿನ ಜಾವವೇ ಎಚ್ಚರ, ಎದ್ದವಳೇ ಮಿಷನ್ ಹತ್ತಿರ. ಒಂದು ಮುದ್ದೆ ಉಣ್ಣುತ್ತಿದ್ದವಳು ಎರಡು ಉಂಡು ಮತ್ತೆ ಏನಿದೆ ಅಂತ ಹುಡುಕುತ್ತಿದ್ದೆ. ಅಂಗಡಿಗೆ ಬಂದ ಹೆಂಗಸರು "ಏನಕ್ಕ, ಮುಖ ತುಂಬ್ಕೊಂಡಿದೆ, ಕಳೆ ಬಂದಿದೆ" ಅಂತಿದ್ದರು. ನಮ್ಮತ್ತೆ ಪುಡಿಗೆ ಮಂಗಳಾರತಿ ಎತ್ತೋದೊಂದು ಬಾಕಿ. ನನ್ನಿಂದ ಕೇಳಿ ನಾಲ್ಕು ಜನ ಆ ಪುಡಿ ತರಿಸಿಕೊಂಡರು.

ತಿಂಗಳುಗಳು ಕಳೆದ ಮೇಲೆ ನನ್ನದೇ ಒಂದು ಬ್ಲೌಸ್ ಹಾಕಿಕೊಂಡಾಗ ವಿಚಿತ್ರ ಅನ್ನಿಸಿತು. ದಪ್ಪ ಆದರೆ ಎಲ್ಲ ಕಡೆ ಬಿಗಿಯಾಗಬೇಕು. ಇದು ಹಾಗಲ್ಲ. ಎದೆ, ಹೊಟ್ಟೆ ಬಿಗಿ. ಬೆನ್ನಿನ ಮೇಲ್ಭಾಗ, ಕತ್ತಿನ ಕೆಳಗೆ ಬಟ್ಟೆ ಎಳೆಯುತ್ತಿತ್ತು. ತೋಳು ಮಾತ್ರ ಸಡಿಲ. ಟೇಪ್ ಹಿಡಿದು ನೋಡಿದರೆ ತೋಳಿನ ಸುತ್ತಳತೆ ಮೊದಲಿಗಿಂತ ಒಂದು ಇಂಚು ಕಡಿಮೆ. ಇಷ್ಟು ವರ್ಷ ಎಷ್ಟೋ ಹೆಂಗಸರ ಅಳತೆ ತೆಗೆದಿದ್ದೇನೆ, ಮೈ ಬಂದು ತೋಳು ಕರಗಿದ್ದು ನೋಡಿರಲಿಲ್ಲ. ನೆಲದಲ್ಲಿ ಕೂತು ಬಟ್ಟೆ ಕಟ್ ಮಾಡಿದರೆ ಕೈ ಊರದೆ ಏಳೋಕಾಗುತ್ತಿರಲಿಲ್ಲ. ಸ್ವಲ್ಪ ತಗುಲಿದರೂ ಚರ್ಮದ ಮೇಲೆ ನೀಲಿ ಕಲೆ. ಪಂಡಿತರಿಗೆ ಫೋನ್ ಮಾಡಿದರೆ "ಕೆಟ್ಟ ನೀರು ಹೊರಗೆ ಹೋಗ್ತಾ ಇದೆ ತಾಯಿ" ಅಂದರು.

ವರಮಹಾಲಕ್ಷ್ಮಿ ಹಬ್ಬದ ಮುಂದೆ, ಅಂಗಡಿ ತುಂಬ ಬ್ಲೌಸ್ ಬಿದ್ದಿರುವಾಗ, ಪುಡಿ ಮುಗಿಯಿತು. ಅವರ ಫೋನ್ ಸ್ವಿಚ್ ಆಫ್. ಕೆಲವೇ ದಿನದಲ್ಲಿ ವಾಂತಿ, ತಲೆ ಸುತ್ತು, ಕೈಕಾಲಲ್ಲಿ ಜೀವ ಇಲ್ಲ. ಮಗ ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದ. ಬಿಪಿ 80ಕ್ಕೆ ಇಳಿದಿತ್ತು, ರಕ್ತದಲ್ಲಿ ಸೋಡಿಯಂ ಕಡಿಮೆ. ಡ್ಯೂಟಿ ಡಾಕ್ಟರು ಚಿಕ್ಕ ಹುಡುಗಿ. ನನ್ನ ಮುಖ ನೋಡಿದ ತಕ್ಷಣ ಕೇಳಿದ್ದು ಒಂದೇ: "ಆಂಟಿ, ನಾಟಿ ಔಷಧಿ ಏನಾದ್ರೂ ತಗೋತಿದ್ರಾ?"

ಮಾರನೇ ದಿನ ಬೆಳಗ್ಗೆ 8 ಗಂಟೆಗೆ ರಕ್ತ ತೆಗೆದು ಕಾರ್ಟಿಸಾಲ್, ಅಂದರೆ ದೇಹವೇ ಮಾಡಿಕೊಳ್ಳುವ ಸ್ಟೆರಾಯ್ಡ್, ಎಷ್ಟಿದೆ ಅಂತ ನೋಡಿದರು. ಆ ಹೊತ್ತಿಗೆ ಅದು ಚೆನ್ನಾಗಿ ಏರಿರಬೇಕು. ಒಂದು ಡೆಸಿಲೀಟರ್‌ಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿದೆ ಅಂತ ತಿಳಿಯುತ್ತಾರೆ. ನನ್ನದು 1.2. ದುಂಡಗಾದ ಮುಖ, ಬೆನ್ನಿನ ಮೇಲೆ ಕೊಬ್ಬು, ಕರಗಿದ ತೋಳು, ಇವೆಲ್ಲ ಸ್ಟೆರಾಯ್ಡ್ ಜಾಸ್ತಿಯಾದ ಲಕ್ಷಣ. ರಕ್ತದಲ್ಲಿ ನೋಡಿದರೆ ದೇಹದ ಸ್ವಂತ ಸ್ಟೆರಾಯ್ಡ್ ಇಲ್ಲವೇ ಇಲ್ಲ. ಹಾಗಾದರೆ ಹೊರಗಿನಿಂದ ಬಂದಿರಬೇಕು. ಪಂಡಿತರು ಕೊಟ್ಟಿದ್ದು ಬಿಟ್ಟು ಸ್ಟೆರಾಯ್ಡ್ ಇರಬಹುದಾದ ಬೇರೆ ಏನೂ ನಾನು ತಗೊಂಡಿರಲಿಲ್ಲ. ಹೊರಗಿನಿಂದ ಸಿಗುತ್ತಾ ಹೋದರೆ ಗ್ರಂಥಿ ಮಲಗಿಬಿಡುತ್ತೆ. ಪುಡಿ ಒಮ್ಮೆಲೇ ನಿಂತಾಗ ಅದು ಏಳಲಿಲ್ಲ. ಸಕ್ಕರೆ ಕಾಯಿಲೆಯೇ ಇಲ್ಲದವಳಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.1 ಬಂದಿತ್ತು. ಈಗ ಡಾಕ್ಟರೇ ಸ್ಟೆರಾಯ್ಡ್ ಮಾತ್ರೆ ಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಇದಕ್ಕೆ ತಿಂಗಳುಗಟ್ಟಲೆ ಬೇಕು.

ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್, ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಬೆರೆಸೋದು ನಮ್ಮೂರಲ್ಲಿ ಮಾತ್ರ ನಡೆಯೋದಲ್ಲ. ಅಮೆರಿಕದ ಔಷಧ ಇಲಾಖೆ 2022ರಲ್ಲಿ ಕೀಲು ನೋವಿಗೆ ಅಂತ ಮಾರುತ್ತಿದ್ದ ಇಂಥದ್ದೇ ಒಂದು "ಗಿಡಮೂಲಿಕೆ" ಮಾತ್ರೆಯಲ್ಲಿ ಡೆಕ್ಸಾಮೆಥಾಸೋನ್, ಡೈಕ್ಲೋಫೆನಾಕ್ ಎರಡನ್ನೂ ಹಿಡಿದು ಜನರಿಗೆ ಎಚ್ಚರಿಕೆ ಕೊಟ್ಟಿತ್ತು.

ನನಗೆ ಜಾಸ್ತಿ ಸಿಟ್ಟು ಬಂದದ್ದು ಬೆಂಗಳೂರಿನ ಡಾಕ್ಟರು ಹೇಳಿದ ಮಾತು ಕೇಳಿ. ಫೈಬ್ರೊಮಯಾಲ್ಜಿಯಾಗೆ ಸ್ಟೆರಾಯ್ಡ್ ಔಷಧಿಯೇ ಅಲ್ಲ. 1985ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಒಳಗೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಏನೂ ಹೆಚ್ಚಿನ ಗುಣ ಸಿಗಲಿಲ್ಲ. ಹಾಗಾದರೆ ನನಗೆ ಆರಾಮಾಗಿದ್ದು ಹೇಗೆ ಅಂತ ಕೇಳಿದೆ. ಸ್ಟೆರಾಯ್ಡ್ ಹುರುಪು ಕೊಡುತ್ತೆ, ಹಸಿವು ಕೊಡುತ್ತೆ, ಖುಷಿ ಕೊಡುತ್ತೆ. ಆ ಹುರುಪನ್ನೇ ನಾವು ಗುಣ ಅಂದುಕೊಳ್ಳುತ್ತೇವೆ ಅಂದರು. ಅಳತೆ ಪುಸ್ತಕ ತೋರಿಸಿ ಅಂದರು. ಪುಡಿಗೆ ಮೊದಲು ಹೆಚ್ಚಿನ ದಿನ 7. ಶುರು ಮಾಡಿದ ವಾರ 4, 5. ತಿಂಗಳು ದಾಟುವಷ್ಟರಲ್ಲಿ ಮತ್ತೆ 6, 7. ನಿದ್ದೆ ಇನ್ನೂ ಕಡಿಮೆ. ಅಂಗಡಿಗೆ ಬಂದವರಿಗೆಲ್ಲ "ಎಷ್ಟೋ ಆರಾಮು" ಅಂತ ಹೇಳುತ್ತಿದ್ದ ದಿನಗಳಲ್ಲೇ ನನ್ನ ಕೈಬರಹದಲ್ಲಿ 7 ಅಂತಿದೆ.

ಆದ್ದರಿಂದ ಈ ಕಾಯಿಲೆಯಲ್ಲಿ "ನನಗೆ ಗುಣ ಆಯ್ತು" ಅಂತ ಯಾರಾದರೂ ಹೇಳಿದರೆ ಅದರಿಂದ ತಿಳಿಯೋದು ಬಹಳ ಕಡಿಮೆ. ನಾವು ಹೊಸ ಔಷಧಿ ಹುಡುಕಿಕೊಂಡು ಹೋಗೋದೇ ನೋವು ತಾಳೋಕಾಗದ ವಾರದಲ್ಲಿ. ಏನೂ ಮಾಡದೆ ಸುಮ್ನೆ ಇದ್ದರೂ ಮುಂದಿನ ವಾರ ಸ್ವಲ್ಪ ಇಳಿಯುತ್ತೆ, ಈ ನೋವಿನ ಸ್ವಭಾವವೇ ಏರಿಳಿತ. ಹೆಸರು ಪುಡಿಗೆ ಬರುತ್ತೆ. ಪರೀಕ್ಷೆ ಮಾಡುವಾಗ ಅರ್ಧ ಜನಕ್ಕೆ ಸುಳ್ಳು ಮಾತ್ರೆ ಕೊಟ್ಟು ಹೋಲಿಸೋದು ಇದಕ್ಕೇ. ನಿಮಗೆ ಏನಾದರೂ ತಗೊಂಡು ನೋಡಲೇಬೇಕು ಅನ್ನಿಸಿದರೆ, ಮೊದಲೇ ಕೆಲವು ವಾರ ನಂಬರ್ ಬರೆದಿಟ್ಟುಕೊಳ್ಳಿ. ಆ ಸಮಯದಲ್ಲಿ ಬೇರೆ ಯಾವುದನ್ನೂ ಬದಲಾಯಿಸಬೇಡಿ. ಹೊಸ ಔಷಧಿ ಜೊತೆಗೇ ವಾಕಿಂಗ್ ಶುರು ಮಾಡಿದರೆ ಯಾವುದರಿಂದ ಇಳಿಯಿತು ಅಂತ ದೇವರೇ ಹೇಳಬೇಕು.

ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ಆ ಕಂದು ಪುಡಿ ತೋರಿಸಿದಾಗ ತಲೆ ಚಚ್ಚಿಕೊಂಡವರು ಒಬ್ಬರು ಆಯುರ್ವೇದ ಡಾಕ್ಟರೇ. ಇದನ್ನು ಔಷಧಿ ಅಂತ ಯಾರು ಕರೆದರು ಅಂತ ಕೇಳಿದರು. ಲೈಸೆನ್ಸ್ ಇರುವ ಆಯುರ್ವೇದ ಔಷಧಿ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನಾಂಕ, ಒಳಗೇನಿದೆ ಅನ್ನೋ ಪಟ್ಟಿ ಇರಲೇಬೇಕು. ಅಂಗಡಿಯಲ್ಲಿ ಸಪ್ಲಿಮೆಂಟ್ ಅಂತ ಸಿಗುವ ಡಬ್ಬಿಗಳು ಬೇರೆ ಲೆಕ್ಕ. ಅವು ಕಾನೂನಿನಲ್ಲಿ ಆಹಾರ. ಅವಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತೆ, ಔಷಧಿಯಾಗಿ ಬಳಸುವಂತಿಲ್ಲ ಅಂತ ಇಂಗ್ಲಿಷ್‌ನಲ್ಲಿ ಸಣ್ಣದಾಗಿ ಅವರೇ ಅಚ್ಚು ಹಾಕಿರುತ್ತಾರೆ. ಓದಿ ನೋಡಿ.

ಅಂಥ ಒಳ್ಳೆ ಡಬ್ಬಿಗಳ ಬಗ್ಗೆಯೂ ಒಂದು ಮಾತು. ಸಾರಿಗೆ ಹಾಕುವ ಅರಿಶಿನ ಬೇರೆ, ಅದರಿಂದ ತೆಗೆದು ಕ್ಯಾಪ್ಸೂಲಿಗೆ ತುಂಬುವ ಕರ್ಕ್ಯುಮಿನ್ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ತೋರಿಸಿದ ಪ್ರಕಾರ, ಕಾಳುಮೆಣಸಿನಲ್ಲಿರುವ ಪೈಪರಿನ್ 20 ಮಿಲಿಗ್ರಾಂ ಜೊತೆಗೆ ಕೊಟ್ಟರೆ ಕರ್ಕ್ಯುಮಿನ್ ರಕ್ತಕ್ಕೆ ಸೇರೋದು 20 ಪಟ್ಟು ಹೆಚ್ಚುತ್ತೆ. ಡಬ್ಬಿ ಮಾಡುವವರು ಅದನ್ನೇ ಹೊಗಳಿ ಬರೆಯುತ್ತಾರೆ. ಆದರೆ ಇಂಥ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಟ್ಟ ಉದಾಹರಣೆಗಳು ಇವೆ. ಪೈಪರಿನ್ ಬೇರೆ ಮಾತ್ರೆಗಳು ದೇಹದಲ್ಲಿ ಕರಗುವ ವೇಗವನ್ನೂ ಬದಲಾಯಿಸಬಲ್ಲದು. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು. ನಮ್ಮ ಹೆಂಗಸರಲ್ಲಿ ಥೈರಾಯ್ಡ್ ಮಾತ್ರೆ ನುಂಗದವರು ಎಷ್ಟು ಜನ? ಗಿಡ ಅಂದ ಮಾತ್ರಕ್ಕೆ ಸೈಡ್ ಎಫೆಕ್ಟ್ ಇಲ್ಲ ಅನ್ನುವವರಿಗೆ ಉಮ್ಮತ್ತಿಯೂ ಗಿಡವೇ ಅಂತ ನೆನಪಿಸಿ.

ದೂರು ಕೊಡೋಕೆ ಜಿಲ್ಲಾ ಆಯುಷ್ ಕಚೇರಿ ಇದೆ, ಔಷಧ ನಿಯಂತ್ರಣ ಅಧಿಕಾರಿಗಳಿದ್ದಾರೆ, ಗ್ರಾಹಕರ ಸಹಾಯವಾಣಿ 1915 ಇದೆ. ಖಾಲಿ ಕವರ್, ಡಬ್ಬಿ, ಚೀಟಿ ಬಿಸಾಡಬೇಡಿ. ಸ್ವಲ್ಪ ಪುಡಿ ಉಳಿದಿದ್ದರೆ ಅದನ್ನೂ ಇಟ್ಟುಕೊಳ್ಳಿ.

ನನ್ನ ಮಾತು ಕೇಳಿ ಪುಡಿ ತರಿಸಿದ್ದ ನಾಲ್ಕು ಜನರಿಗೂ ಫೋನ್ ಮಾಡಿದೆ. ಒಬ್ಬರು ತಕ್ಷಣ ಚರಂಡಿಗೆ ಎಸೆದುಬಿಡ್ತೀನಿ ಅಂದರು. ಬೇಡ ಅಂದೆ. ವಾರಗಟ್ಟಲೆ ತಿಂದಿದ್ದರೆ ಇದ್ದಕ್ಕಿದ್ದಂತೆ ನಿಲ್ಲಿಸೋದೇ ಅಪಾಯ, ನನಗಾಗಿದ್ದೂ ಅದೇ. ನಿಮ್ಮ ಮನೆಯಲ್ಲೂ ಯಾರಾದರೂ ತಿನ್ನುತ್ತಿದ್ದರೆ ಪೊಟ್ಟಣದ ಸಮೇತ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗಿ. ಎಷ್ಟು ದಿನದಿಂದ ಅಂತ ಮುಚ್ಚಿಡದೆ ಹೇಳಿ. ಬೆಳಗಿನ ಕಾರ್ಟಿಸಾಲ್ ನೋಡಬೇಕಾ ಅಂತ ನೀವೇ ಕೇಳಿ. ಅಷ್ಟರೊಳಗೆ ವಾಂತಿ, ವಿಪರೀತ ಸುಸ್ತು, ಎದ್ದು ನಿಂತರೆ ಕಣ್ಣು ಕತ್ತಲೆ ಬರೋದು ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ.