ಎರೆ ಹೊಲ, ಶಹಾಬಾದಿ ಕಲ್ಲು, ಎರಡು ಹಳೇ ಕ್ಯಾಂಪರ್: ಏನು ಹಾಕಿಸಿದರೆ ನಡೀತದ

ಹಳೇ ಫೋರ್ ವೀಲ್ ಗಾಡಿಗೆ ಏನೇನು ಹಾಕಿಸಬೇಕು ಎಂದು ಕೇಳುವವರನ್ನು ನಾನು ಮೊದಲು ಕೇಳುವುದು ಒಂದೇ: ಗಾಡಿ ಯಾವ ಮಣ್ಣಿನ ಮೇಲೆ ಓಡತದ? ಸಕಲೇಶಪುರದ ಕಾಡುದಾರಿಗೆ ಒಪ್ಪುವ ಸಾಮಾನು ಚಿತ್ತಾಪುರದ ಎರೆ ಹೊಲಕ್ಕೆ ಒಪ್ಪುವುದಿಲ್ಲ. ನಮ್ಮ ಕಡೆ ಅರ್ಧ ದಿನದ ಓಡಾಟದಲ್ಲೇ ನೆಲ ಪೂರ್ತಿ ಬದಲಾಗುತ್ತದೆ. ಕಲಬುರಗಿ, ಸೇಡಂ, ಚಿತ್ತಾಪುರದ ಸುತ್ತ ಕರಿ ಎರೆ. ವಾಡಿ, ಶಹಾಬಾದ್ ಕಡೆ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿನ ಗಣಿಗಳು. ಬೀದರಿಗೆ ಏರಿದರೆ ಕೆಂಪು ಜಂಬಿಟ್ಟಿಗೆ, ಯಾದಗಿರಿ ದಾಟಿ ಶಹಾಪುರ, ಸುರಪುರಕ್ಕೆ ಹೋದರೆ ಗ್ರಾನೈಟ್ ಗುಂಡುಗಳು, ಭೀಮಾ ದಂಡೆಗೆ ಇಳಿದರೆ ಉಸುಕು.

ಹೋಲಿಸಲು ನನಗೆ ಅನುಕೂಲ ಆದದ್ದು ಏನೆಂದರೆ, ನನ್ನ ಬಳಿ ಮತ್ತು ಯಾದಗಿರಿಯಲ್ಲಿರುವ ನಮ್ಮ ಕಾಕಾನ ಮಗ, ನನ್ನ ತಮ್ಮನ ಬಳಿ ಇರುವುದು ಒಂದೇ ಜಾತಿಯ ಗಾಡಿ, ಮಹೀಂದ್ರಾ ಬೊಲೆರೊ ಕ್ಯಾಂಪರ್ ಫೋರ್ ವೀಲ್ ಡ್ರೈವ್ ಪಿಕಪ್. ನನ್ನದು ಸಾದಾ ಪಂಪಿನ ಹಳೇ ಡಿಐ ಡೀಸೆಲ್ ಇಂಜಿನ್ನು, ಅವನದು ಆಮೇಲಿನ ಕಾಮನ್ ರೈಲ್, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡುವಂಥದ್ದು. ಅವನು ಹಾಕಿಸಿದ್ದು ಒಂದು ಬಗೆ, ನಾನು ಹಾಕಿಸಿದ್ದು ಇನ್ನೊಂದು ಬಗೆ. ಒಂದೇ ದಾರಿಯಲ್ಲಿ ಹಿಂದೆಮುಂದೆ ಓಡಿಸಿ, ನಡುವೆ ಗಾಲಿಗಳನ್ನೂ ಅದಲುಬದಲು ಮಾಡಿ ನೋಡಿದ್ದೇವೆ.

ಟೈರಿನಿಂದ ಶುರು ಮಾಡುತ್ತೇನೆ. ಉಳಿದ ಎಲ್ಲ ಸಾಮಾನು ಸೇರಿದರೂ ಟೈರು ಮಾಡುವಷ್ಟು ವ್ಯತ್ಯಾಸ ಮಾಡುವುದಿಲ್ಲ. ಗಾಡಿಗಳಿಗೆ ಮೊದಲಿದ್ದುದು 215/75 ಆರ್ 15. ಇಬ್ಬರೂ 235/75 ಆರ್ 15ಕ್ಕೆ ಹೋದೆವು. ಲೆಕ್ಕ ಹಾಕಿದರೆ ಟೈರಿನ ಎತ್ತರ 703 ಮಿಲಿಮೀಟರಿನಿಂದ 733ಕ್ಕೆ ಏರುತ್ತದೆ, ಆಕ್ಸಲ್ ನೆಲದಿಂದ 15 ಮಿಲಿಮೀಟರ್ ಮೇಲೆ ಬರುತ್ತದೆ. ಮೀಟರ್ 60 ತೋರಿಸುವಾಗ ನಿಜವಾದ ವೇಗ 62 ದಾಟಿರುತ್ತದೆ. ಅವನು ತಗೊಂಡದ್ದು ಮಡ್ ಟೆರೇನ್, ದೊಡ್ಡ ಗುಬಟಿಗಳ ಟೈರು. ನಾನು ತಗೊಂಡದ್ದು ಆಲ್ ಟೆರೇನ್, ಡಾಂಬರಿಗೂ ಕಚ್ಚಾ ದಾರಿಗೂ ಆಗುವ ಸಣ್ಣ ಗುಬಟಿಗಳದು.

ಕೆಸರು ಅಂದ ಕೂಡಲೇ ಮಡ್ ಟೆರೇನೇ ಗೆಲ್ಲಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಎರೆ ಮಣ್ಣು ಬರೀ ಕೆಸರಲ್ಲ. ನೀರು ಕುಡಿದು ಉಬ್ಬುವ ಜೇಡಿ ಅದು, ನಾದಿದ ಹಿಟ್ಟಿನಂತೆ ಗಾಲಿಗೆ ಸುತ್ತಿಕೊಳ್ಳುತ್ತದೆ. ಮಡ್ ಟೆರೇನ್ ಟೈರಿನ ಸಂದುಗಳು ತಮ್ಮನ್ನು ತಾವೇ ತೊಳೆದುಕೊಳ್ಳಬೇಕಾದರೆ ಗಾಲಿ ರಭಸದಿಂದ ತಿರುಗಿ ಮಣ್ಣನ್ನು ಹೊರಕ್ಕೆ ಎಸೆಯಬೇಕು. ಅರವತ್ತು ಚಿಲ್ಲರೆ ಕುದುರೆ ಬಲದ ಹಳೇ ಡೀಸೆಲ್ ಇಂಜಿನ್ನು ಫೋರ್ ಲೋ (ನಾಲ್ಕೂ ಗಾಲಿಗಳನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಗೇರು) ಮೊದಲ ಗೇರಿನಲ್ಲಿ ಆ ರಭಸ ಕೊಡುವುದಿಲ್ಲ. ಎರಡನೇ ಗೇರಿಗೆ, ಕೆಲವೊಮ್ಮೆ ಮೂರನೆಯದಕ್ಕೆ ಏರಿಸಿ, ಆಕ್ಸಿಲರೇಟರ್ ಬಿಡದೆ ಓಡಿಸಿದರೆ ಮಾತ್ರ ಗುಬಟಿಗಳು ಕಚ್ಚುತ್ತವೆ. ಹಾಗೆ ಓಡಿಸಿದಾಗ ತಮ್ಮನ ಗಾಡಿ ನನ್ನದು ನಿಂತ ಜಾಗವನ್ನು ದಾಟಿ ಹೋಗಿದೆ, ಅದನ್ನು ಒಪ್ಪಲೇಬೇಕು.

ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎರೆಯಲ್ಲಿ ಗಾಡಿ ನಿಲ್ಲುವುದು ಬಹಳ ಸಲ ಹಿಡಿತ ತಪ್ಪಿ ಅಲ್ಲ, ಮಡ್‌ಗಾರ್ಡಿನ ಒಳಗೆ ಮಣ್ಣು ಗಟ್ಟಿಯಾಗಿ ತುಂಬಿ ಗಾಲಿಯೇ ತಿರುಗದಂತೆ ಆಗಿ. ಟೈರು ದೊಡ್ಡದಾದಷ್ಟೂ ಆ ಸಂದು ಕಿರಿದಾಗುತ್ತದೆ. ಹಳೇ 215ರ ಗಾಲಿಗಳನ್ನು ಮತ್ತೆ ಹಾಕಿ ಅದೇ ತೊಗರಿ ಹೊಲದ ಬಂಡಿದಾರಿಯಲ್ಲಿ ಓಡಿಸಿದಾಗ, 235ರ ಎರಡೂ ಬಗೆಯ ಟೈರುಗಳು ಕಟ್ಟಿಕೊಂಡು ನಿಂತ ಕಡೆ ಅವು ಕೊರೆದುಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟಿ ಮುಂದೆ ಹೋದವು. ಮಳೆಗಾಲದಲ್ಲಿ ಬರೀ ಹೊಲಕ್ಕೆ ಹೋಗಿಬರುವವರು ಅಗಲದ ಟೈರಿಗೆ ದುಡ್ಡು ಹಾಕಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹಿಂದಿನ ರಬ್ಬರ್ ಮಡ್ ಫ್ಲ್ಯಾಪ್ ಬಿಚ್ಚಿಡಿ, ಸೀಟಿನ ಕೆಳಗೆ ಒಂದು ಕುರ್ಪಿ ಇಡಿ. ಮಳೆ ನಿಂತ ಮೇಲೆ ಎರಡು ಬಿಸಿಲು ಬೀಳುವ ತನಕ ಕಾಯುವ ನಮ್ಮ ರೈತರ ಪದ್ಧತಿಗೆ ಸಮನಾದ ಟೈರು ಇನ್ನೂ ಬಂದಿಲ್ಲ.

ಕಲ್ಲಿನ ದಾರಿಯ ಮಾತು ಬೇರೆ. ಶಹಾಬಾದ್ ಗಣಿಗಳ ಸುತ್ತಿನ ದಾರಿಗಳಲ್ಲಿ ಒಡೆದ ಫರ್ಸಿಯ ಅಂಚು ಟೈರಿನ ಪಕ್ಕೆಯನ್ನೇ ಸೀಳುತ್ತದೆ. ಪಕ್ಕೆ ಸೀಳಿದರೆ ಟ್ಯೂಬ್‌ಲೆಸ್ ಟೈರಿಗೆ ಬತ್ತಿ ಹಾಕಿ ರಿಪೇರಿ ಮಾಡಲು ಆಗುವುದಿಲ್ಲ. ಒಳಗೆ ಹಳೇ ಟೈರಿನ ತುಂಡು ಇಟ್ಟು, ಟ್ಯೂಬ್ ಹಾಕಿ, ನಿಧಾನವಾಗಿ ಊರು ಮುಟ್ಟಬೇಕು. ಇಲ್ಲಿ ದಪ್ಪ ಪಕ್ಕೆಯ ಮಡ್ ಟೆರೇನ್ ನನ್ನ ಆಲ್ ಟೆರೇನಿಗಿಂತ ಸ್ಪಷ್ಟವಾಗಿ ಮೇಲು. ಶಹಾಪುರದ ಗ್ರಾನೈಟ್ ಗುಂಡುಗಳ ಮೇಲೆ ಎರಡರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜಂಬಿಟ್ಟಿಗೆಯ ಮೇಲೆ, ಡಾಂಬರಿನ ಮೇಲೆ, ಮಳೆಯಲ್ಲಿ ಬ್ರೇಕ್ ಹಾಕುವಾಗ ಆಲ್ ಟೆರೇನ್ ಒಳ್ಳೆಯದು, ಸದ್ದೂ ಕಡಿಮೆ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಹೋಗುವಷ್ಟರಲ್ಲಿ ತಮ್ಮನ ಗಾಡಿಯಲ್ಲಿ ಜೋರಾಗಿ ಕೂಗಿ ಮಾತಾಡಬೇಕು.

ಗಾಳಿ ಎಷ್ಟಿಡಬೇಕು ಎಂಬುದಕ್ಕೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಡಾಂಬರಿಗೆ 35 ಪಿಎಸ್ಐ, ಕಲ್ಲಿಗೆ 25ರ ಆಸುಪಾಸು, ಭೀಮಾ ಉಸುಕಿಗೆ 16ರಿಂದ 18. ಅದಕ್ಕೂ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಭಯ. ಗಾಳಿ ಕಡಿಮೆ ಇದ್ದ ಟೈರು ವೇಗದಲ್ಲಿ ಮಡಚಿ ಮಡಚಿ ಕಾಯುತ್ತದೆ, 42 ಡಿಗ್ರಿಯ ಮೇ ತಿಂಗಳಲ್ಲಿ ಇನ್ನೂ ಬೇಗ. ಹೆದ್ದಾರಿ ಹತ್ತುವ ಮೊದಲೇ ತುಂಬಿಸಬೇಕು. ಸಿಗರೇಟ್ ಲೈಟರಿಗೆ ಸಿಗಿಸುವ ಸಣ್ಣ ಪಂಪು ಈ ಅಳತೆಯ ನಾಲ್ಕು ಟೈರು ತುಂಬುವಷ್ಟರಲ್ಲಿ ಸುಡುತ್ತದೆ. ನೇರ ಬ್ಯಾಟರಿಗೆ ಕಚ್ಚಿಸುವ ಎರಡು ಸಿಲಿಂಡರಿನದೇ ಬೇಕು.

ಇನ್ನು ಹುಗಿದ ಗಾಡಿ ಎತ್ತುವ ಸಾಮಾನು. ತಮ್ಮ ಹಾಕಿಸಿದ್ದು 9500 ಪೌಂಡಿನ ಎಲೆಕ್ಟ್ರಿಕ್ ವಿಂಚ್, ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ. ಮಾಲು ಸಮೇತ ಗಾಡಿ ಎರಡೂಮುಕ್ಕಾಲು ಟನ್ ಎಂದು ಹಿಡಿದರೆ, ಅದರ ಒಂದೂವರೆ ಪಟ್ಟು ಬಲ ಇರಬೇಕು ಎಂಬ ಲೆಕ್ಕಕ್ಕೆ ಇದು ಸರಿಯಾಗಿದೆ. ಆದರೆ ಆ 9500 ಸಿಗುವುದು ಡ್ರಮ್ಮಿನ ಮೇಲೆ ಹಗ್ಗ ಒಂದೇ ಪದರ ಇದ್ದಾಗ. ಹಗ್ಗ ಪದರ ಪದರವಾಗಿ ಸುತ್ತಿಕೊಂಡಂತೆ ಬಲ ಇಳಿಯುತ್ತದೆ. ಪೂರ್ತಿ ಎಳೆತಕ್ಕೆ 400 ಆಂಪಿಯರ್ ಹತ್ತಿರ ಕರೆಂಟ್ ಕುಡಿಯುತ್ತದೆ. ಹಳೇ ಆಲ್ಟರ್‌ನೇಟರ್ ಅಷ್ಟು ಕೊಡಲಾರದು, ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಹೋಗಬೇಕು. ಎಳೆದು ಎಳೆದು ನಿಲ್ಲಿಸಿ, ಇಂಜಿನ್ನು ಚಾಲೂ ಇಟ್ಟು ಬ್ಯಾಟರಿಗೆ ಉಸಿರು ಕೊಡಬೇಕು. ಸ್ನ್ಯಾಚ್ ಬ್ಲಾಕ್ ಅಂದರೆ ಗಡಗಡಿ ಹಾಕಿ ಹಗ್ಗ ಇಮ್ಮಡಿ ಮಾಡಿದರೆ ಬಲ ಎರಡು ಪಟ್ಟು, ವೇಗ ಅರ್ಧ. ಆಗ ಬ್ಯಾಟರಿಯ ಮೇಲಿನ ಭಾರವೂ ಇಳಿಯುತ್ತದೆ. ಉಕ್ಕಿನ ಹಗ್ಗ ತೆಗೆದು ಸಿಂಥೆಟಿಕ್ ಹಾಕಿಸಿದ್ದು ಅವನು ಮಾಡಿದ ಒಳ್ಳೇ ಕೆಲಸ. ಉಕ್ಕಿನದು ಹರಿದರೆ ಎದುರಿದ್ದವನ ಕಾಲೇ ಹೋಗಬಹುದು. ಸಿಂಥೆಟಿಕ್ ಕಲ್ಲಿನಂಚಿಗೆ ಉಜ್ಜದಂತೆ ನೋಡಿಕೊಂಡರೆ ಸಾಕು.

ನನ್ನದು ಕೈಯಿಂದ ಜಗ್ಗುವ ವಿಂಚ್, ಟಿರ್ಫರ್ ಅಂತಾರಲ್ಲ, ಕಂಬ ನಿಲ್ಲಿಸುವವರು, ಭಾರದ ಯಂತ್ರ ಕೂಡಿಸುವವರು ಬಳಸುವಂಥದ್ದು. 1.6 ಟನ್ನಿನದು, ಹಗ್ಗ ಸಮೇತ ಹತ್ತಿರ ಹತ್ತಿರ ಮೂವತ್ತು ಕೆಜಿ. ಹಿಡಿಕೆ ಜಗ್ಗಿದಂತೆ ಹಗ್ಗ ಬೆರಳಗಲ ಬೆರಳಗಲ ಸರಿಯುತ್ತದೆ. ಗಡಗಡಿ ಸೇರಿಸಿದರೆ ಮೂರು ಟನ್ ಹತ್ತಿರ. ನಿಧಾನ, ಬೆವರು ಹರಿಯುತ್ತದೆ. ಆದರೆ ಗಾಡಿಯ ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ಜಗ್ಗಬಹುದು. ನನ್ನ ಅನುಭವದಲ್ಲಿ ಎರೆಯಲ್ಲಿ ಹುಗಿದ ಗಾಡಿಯನ್ನು ಬಂದ ದಾರಿಗೇ ಹಿಂದಕ್ಕೆ ಜಗ್ಗುವುದು ಸುಲಭ, ಮುಂದೆ ಕೂಡಿಸಿದ ವಿಂಚ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿ ಸತ್ತರೂ, ಇಂಜಿನ್ನು ನಿಂತರೂ ಇದು ನಡೆಯುತ್ತದೆ.

ಕಾನೂನಿನ ಮಾತೂ ಇದೆ. ಕಂಪನಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಬುಲ್ ಬಾರ್ (ಬಂಪರಿನ ಮುಂದಿನ ಕಬ್ಬಿಣದ ಕಂಬಿ) ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಉಕ್ಕಿನ ದೊಡ್ಡ ಬಂಪರ್ ಕಟ್ಟಿಸಿ ಅದರ ಮೇಲೆ ವಿಂಚ್ ಕೂಡಿಸುವ ಮೊದಲು ಇದನ್ನು ತಿಳಿದುಕೊಂಡಿರಬೇಕು. ನನ್ನ ಕೈ ವಿಂಚ್ ಸಾಮಾನಿನ ಜೊತೆ ಹಿಂದೆ ಮಲಗಿರುತ್ತದೆ, ಗಾಡಿಗೆ ಒಂದು ತೂತೂ ಕೊರೆದಿಲ್ಲ.

ಎರಡಕ್ಕೂ ಒಂದೇ ಕೊರತೆ: ಹಗ್ಗದ ಇನ್ನೊಂದು ತುದಿ ಎಲ್ಲಿ ಕಟ್ಟಬೇಕು? ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆ ಮರಗಳಿವೆ, ಆದರೆ ಚಿಂಚೋಳಿಯ ಆ ಕಾಡು 2011ರಿಂದ ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಗಾಡಿ ಇಳಿಸುವ ಮಾತೇ ಇಲ್ಲ. ಎರೆ ಹೊಲದಲ್ಲಿ ಒಡ್ಡಿನ ಮೇಲೆ ಒಂದು ಬೇವು, ಒಂದು ಬನ್ನಿ ಸಿಕ್ಕರೆ ಪುಣ್ಯ. ಸಿಕ್ಕ ಮರಕ್ಕೂ ಅಗಲದ ಬೆಲ್ಟ್ ಸುತ್ತಿಯೇ ಕಟ್ಟಬೇಕು, ಹಗ್ಗ ನೇರ ಕಟ್ಟಿದರೆ ತೊಗಟೆ ಕೊಯ್ದು ಮರ ಒಣಗುತ್ತದೆ. ಬಳ್ಳಾರಿ ಜಾಲಿಯನ್ನು ನಂಬಬಾರದು, ದಪ್ಪ ಬೊಡ್ಡೆ ಇದ್ದರೆ ಮಾತ್ರ ನೋಡಬಹುದು. ಮರವೇ ಇಲ್ಲದಿದ್ದರೆ ಸ್ಟೆಪ್ನಿಯನ್ನು ಹೂಳುವುದೊಂದೇ ದಾರಿ. ಹಸಿ ಎರೆಯಲ್ಲಿ ಗಟ್ಟಿ ಪದರ ಸಿಗುವ ತನಕ ಸೊಂಟದ ಆಳಕ್ಕೆ ತೋಡಬೇಕಾಗುತ್ತದೆ.

ಈ ಕಾರಣಕ್ಕೇ ನಮ್ಮ ಭಾಗದಲ್ಲಿ ಈ ಎರಡೂ ವಿಂಚಿಗಿಂತ ಮೇಲು ಕೈನೆಟಿಕ್ ಹಗ್ಗ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ನೈಲಾನಿನ ಈ ಹಗ್ಗ ಶೇಕಡಾ 30ರವರೆಗೆ ಹಿಗ್ಗಿ, ಆ ಹಿಗ್ಗಿನ ಬಲದಲ್ಲಿ ಗಾಡಿಯನ್ನು ಮಣ್ಣಿನ ಹಿಡಿತದಿಂದ ಬಿಡಿಸುತ್ತದೆ. ಕಟ್ಟಬೇಕಾದದ್ದು ಇನ್ನೊಂದು ಗಾಡಿಗೆ, ಎರೆ ಊರುಗಳಲ್ಲಿ ಅದು ಟ್ರ್ಯಾಕ್ಟರ್. ನಾನು ಕಂಡ ರೈತರಲ್ಲಿ ಒಲ್ಲೆ ಅಂದವರು ಒಬ್ಬರೂ ಇಲ್ಲ. ಚಿತ್ತಾಪುರದ ಕಡೆ ಒಬ್ಬ ಹಿರಿಯರು ಕಬ್ಬಿಣದ ಸರಪಳಿ ತೆಗೆದಾಗ ನನ್ನ ತಮ್ಮ ಹೇಳಿದ: "ಕಾಕಾ, ಸರಪಳಿ ಬ್ಯಾಡ್ರಿ, ಜಟಕಾ ಹೊಡದ್ರ ಹರಿತದ. ಈ ಹಗ್ಗ ಹಾಕ್ರಿ, ಮೆಲ್ಲಕ ಬಿಡ್ರಿ." ಅವರು ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿ, "ಇದು ಛಲೋ ಅದಪಾ, ಎಲ್ಲಿ ಸಿಗತದ?" ಎಂದು ಕೇಳಿದರು. ಕಟ್ಟುವುದು ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೆ ಮಾತ್ರ. ಟ್ರೇಲರ್ ಎಳೆಯುವ ಕಬ್ಬಿಣದ ಗುಂಡಿಗೆ (ಟೋ ಬಾಲ್) ಎಂದೂ ಕಟ್ಟಬಾರದು, ಅದು ಮುರಿದು ಹಾರಿದರೆ ಗುಂಡಿನಂತೆ ಹೊಡೆಯುತ್ತದೆ. ಹಗ್ಗದ ನಡುವೆ ಒಂದು ದಪ್ಪ ಕಂಬಳಿ ಹಾಸಬೇಕು, ಜನರನ್ನು ದೂರ ಸರಿಸಬೇಕು.

ಜಾಕಿನ ವಿಷಯ ಬೇಗ ಮುಗಿಯುತ್ತದೆ. ನಾಲ್ಕಡಿಯ ಹೈ ಲಿಫ್ಟ್ ಜಾಕ್ ಹಿಡಿಯಲು ಗಟ್ಟಿ ಬಂಪರ್ ಬೇಕು, ಕಂಪನಿಯ ತಗಡಿನ ಬಂಪರ್ ಮಡಚುತ್ತದೆ. ಹಿಡಿಕೆ ಕೈತಪ್ಪಿದರೆ ದವಡೆಗೆ ಬಡಿಯುತ್ತದೆ. ಸೈಲೆನ್ಸರ್ ಹೊಗೆಯಿಂದ ಉಬ್ಬುವ ಚೀಲದ ಜಾಕ್ ಕೆಸರಿನಲ್ಲಿ ನಿಜಕ್ಕೂ ಚೆನ್ನಾಗಿ ಎತ್ತುತ್ತದೆ, ಆದರೆ ಜಾಲಿ ಮುಳ್ಳು ಬಿದ್ದ ನಮ್ಮ ನೆಲದಲ್ಲಿ ಅದರ ಆಯುಷ್ಯ ಕಡಿಮೆ. ನನ್ನ ಗಾಡಿಯಲ್ಲಿ ಉಳಿದದ್ದು ಐದು ಟನ್ನಿನ ಬಾಟಲ್ ಜಾಕ್, ಅದರ ಕೆಳಗೆ ಇಡಲು ಒಂದಡಿ ಚೌಕದ ದಪ್ಪ ಜಾಲಿ ಹಲಗೆ. ಫರ್ಸಿ ತುಂಡು ಎಲ್ಲೆಂದರಲ್ಲಿ ಸಿಗುತ್ತದೆಂದು ಅದರ ಮೇಲೆ ಜಾಕ್ ಇಡುವವರನ್ನು ನೋಡಿದ್ದೇನೆ. ಒಂದೇ ಬಿಂದುವಿಗೆ ಭಾರ ಬಿದ್ದರೆ ಆ ಕಲ್ಲು ಸೀಳುತ್ತದೆ, ಬೇಡ.

ಮುಂದಿನ ಗಾಲಿಯನ್ನು ಆಕ್ಸಲಿಗೆ ಕೂಡಿಸುವ ಹಬ್ ಎರಡು ಬಗೆ. ಕ್ಯಾಬಿನ್ನಿನಿಂದಲೇ ಗುಂಡಿ ಒತ್ತಿ ವ್ಯಾಕ್ಯೂಮಿನಿಂದ ಕೂಡಿಸುವುದು ಒಂದು, ಇಳಿದು ಕೈಯಿಂದ ತಿರುಗಿಸುವುದು ಇನ್ನೊಂದು. ವ್ಯಾಕ್ಯೂಮಿನದು ಸಣ್ಣ ರಬ್ಬರ್ ಪೈಪು, ಸೀಲುಗಳ ಮೇಲೆ ನಿಂತಿರುತ್ತದೆ. ಹಳೇ ಗಾಡಿಯಲ್ಲಿ ಅವು ಸೀಳಿರುತ್ತವೆ, ಎರೆ ಒಳಗೆ ಹೊಕ್ಕಿರುತ್ತದೆ. ಫೋರ್ ವೀಲ್ ದೀಪ ಹತ್ತಿದರೂ ಮುಂದಿನ ಗಾಲಿ ತಿರುಗುವುದಿಲ್ಲ. ಕೈ ಹಬ್ಬೇ ಸರಿ. ಕೆಸರಿಗೆ ಇಳಿದ ಮೇಲಲ್ಲ, ಇಳಿಯುವ ಮೊದಲೇ ತಿರುಗಿಸಿರಬೇಕು.

ರಿಪೇರಿಯಲ್ಲಿ ನನ್ನ ಹಳೇ ಡಿಐ ಇಂಜಿನ್ನು ತಮ್ಮನ ಕಾಮನ್ ರೈಲಿಗಿಂತ ಮುಂದಿದೆ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದರೆ ಒಂದು ಪಾನಾ ಸಾಕು: ಬ್ಲೀಡ್ ಬೋಲ್ಟ್ ಸಡಿಲಿಸಿ, ಕೈ ಪಂಪು ಒತ್ತಿ, ಗುಳ್ಳೆ ಹೋದ ಮೇಲೆ ಬಿಗಿ ಮಾಡಿದರೆ ಮುಗಿಯಿತು. ಕಾಮನ್ ರೈಲಿನ ಇಂಜೆಕ್ಟರ್ ಪೈಪುಗಳಲ್ಲಿ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ. ಇಂಜಿನ್ನು ಚಾಲೂ ಇರುವಾಗ ಅದನ್ನು ಸಡಿಲಿಸಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಮುಟ್ಟಲೇಬಾರದು. ಅವನ ಇಂಜಿನ್ನಿಗೆ ಮೈಲೇಜು, ಎಳೆತ ಎರಡೂ ಚೆನ್ನಾಗಿವೆ, ಸ್ಕ್ಯಾನರ್ ಇಟ್ಟುಕೊಂಡ ಮೆಕ್ಯಾನಿಕ್ ಮಾತ್ರ ಊರು ಬಿಟ್ಟರೆ ಸಿಗುವುದಿಲ್ಲ. ಹೀಗಾಗಿ ಅವನು ಜೊತೆಗೆ ಒಯ್ಯುವುದು ಡೀಸೆಲ್ ಫಿಲ್ಟರ್, ಫ್ಯೂಸು, ರಿಲೇ. ನಾನು ಒಯ್ಯುವುದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಪೈಪು, ಕಮಾನು ಪಟ್ಟಿಯ ಯು ಬೋಲ್ಟ್, ಗ್ರೀಸ್ ಗನ್ನು. ಕಮಾನು ಪಟ್ಟಿ ಮುರಿದರೆ ಲಾರಿ ನಿಲ್ಲುವ ಯಾವ ಊರಲ್ಲಾದರೂ ಸರಿಮಾಡಿಸಬಹುದು.

ಕೊನೆಗೆ ಸ್ನಾರ್ಕಲ್, ಇಂಜಿನ್ನಿಗೆ ಎತ್ತರದಿಂದ ಗಾಳಿ ಒದಗಿಸುವ ಕೊಳವೆ. ಭೀಮಾ, ಕಾಗಿಣಾ ತುಂಬಿ ಹರಿಯುವಾಗ ಸ್ನಾರ್ಕಲ್ ಇದ್ದರೂ ಇಳಿಯಬಾರದು, ಪ್ರವಾಹ ಗಾಡಿಯನ್ನೇ ಹೊತ್ತೊಯ್ಯುತ್ತದೆ. ಮೊಣಕಾಲುದ್ದದ ಹಳ್ಳಕ್ಕೆ ಅದು ಬೇಕಿಲ್ಲ. ಬೇಕಾದದ್ದು ಆಕ್ಸಲಿನ ಬ್ರೀದರಿಗೆ, ಅಂದರೆ ಗಾಳಿಯಾಡುವ ತೂತಿಗೆ, ಉದ್ದನೆಯ ರಬ್ಬರ್ ಪೈಪು ಹಾಕಿ ಬಾನೆಟ್ಟಿನ ಎತ್ತರಕ್ಕೆ ಏರಿಸುವುದು. ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಹೀರುತ್ತದೆ. ಪೈಪು ಹಾಕಿದರೆ ನೀರಿನ ಬದಲು ಗಾಳಿ ಹೋಗುತ್ತದೆ. ತಮ್ಮ ಸ್ನಾರ್ಕಲ್ ಹಾಕಿಸಿದ್ದಾನೆ, ಅದರ ತಲೆಗೆ ಟ್ರ್ಯಾಕ್ಟರಿನಂಥ ದೂಳು ಹಿಡಿಯುವ ಬಟ್ಟಲು ಕೂಡಿಸಿದ್ದಾನೆ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳ ದಾರಿಗಳಲ್ಲಿ ಆ ಬಟ್ಟಲಿನಲ್ಲಿ ನಿಲ್ಲುವ ಬಿಳಿ ದೂಳು ನೋಡಿದ ಮೇಲೆ ನನಗೂ ಆ ಬಟ್ಟಲು ಬೇಕೆನಿಸಿದೆ, ಸ್ನಾರ್ಕಲ್ ಬೇಕೆನಿಸಿಲ್ಲ. ಹಳ್ಳ ದಾಟಿದ ಮರುದಿನ ಡಿಫರೆನ್ಷಿಯಲ್ಲಿನ ಬೋಲ್ಟ್ ಬಿಚ್ಚಿ ಎಣ್ಣೆ ನೋಡುತ್ತೇವೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅಂದೇ ಪೂರ್ತಿ ಇಳಿಸಿ ಹೊಸದು ಹಾಕಬೇಕು.