‘ತಾತ್ಕಾಲಿಕ’ ಎಂದು ಹೇಳಿ ಸಹಿ ಹಾಕಿಸಿಕೊಂಡ ಛಾಪಾ ಕಾಗದ

ಮದುವೆಯಾಗಿ ಏಳು ವರ್ಷ. ಕೊನೆಯ ಎರಡು ವರ್ಷ ಬರೀ ಜಗಳ. ಮಗಳನ್ನು ಕರೆದುಕೊಂಡು ನಾನು ಆರು ತಿಂಗಳು ತಿಪಟೂರಿನ ತವರಿನಲ್ಲಿರುವುದು, ಗಂಡ ಬೆಂಗಳೂರಿನಲ್ಲೇ ಇರುವುದು, ಆಮೇಲೆ ಕೂತು ಮಾತನಾಡುವುದು ಎಂದು ಇಬ್ಬರೇ ತೀರ್ಮಾನಿಸಿದ್ದೆವು. ಸಂಸಾರ ಉಳಿಯಲಿ ಎಂಬುದೇ ಇಬ್ಬರ ಆಸೆ.

ಹಿರಿಯರು ಬಿಡಬೇಕಲ್ಲ! ‘ಬಾಯಿಮಾತು ಬೇಡ, ಬರವಣಿಗೆಯಲ್ಲಿರಲಿ’ ಎಂದು ನನ್ನ ಸೋದರಮಾವನೂ ಮೈದುನನೂ ಸೇರಿ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋದರು. ಎಂಟು ಸಾವಿರ ರೂಪಾಯಿಗೆ ಛಾಪಾ ಕಾಗದದ ಕರಾರು ಸಿದ್ಧವಾಯಿತು, ನೋಟರಿ ಮೊಹರೂ ಬಿತ್ತು. ‘ಇದು ತಾತ್ಕಾಲಿಕ, ಸುಮ್ಮನೆ ಸಹಿ ಹಾಕಿ’ ಎಂದರು. ಬಿ.ಕಾಂ. ಓದಿದ ನಾನು ಓದದೆ ಸಹಿ ಹಾಕಿದೆ.

ರಾತ್ರಿ ತವರಿನಲ್ಲಿ ಬಿಡಿಸಿ ನೋಡಿದರೆ, ‘ಯಾರ ಒತ್ತಡವೂ ಇಲ್ಲದೆ ಸ್ವಇಚ್ಛೆಯಿಂದ ವೈವಾಹಿಕ ಸಂಬಂಧವನ್ನು ಕಡಿದುಕೊಂಡಿದ್ದೇವೆ, ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವುದೇ ಹಕ್ಕುಬಾಧ್ಯತೆ ಇರುವುದಿಲ್ಲ’ ಎಂದಿತ್ತು. ಆರು ತಿಂಗಳ ಮಾತೇ ಇಲ್ಲ. ಇದನ್ನು ಗಂಡನೇ ಬರೆಸಿದ್ದು ಎಂದುಕೊಂಡು ಫೋನ್ ಮಾಡುವುದನ್ನೇ ಬಿಟ್ಟೆ. ನಾಲ್ಕನೆಯ ತಿಂಗಳಿಗೆ ಅತ್ತೆ ಅವರಿಗೆ ಹೆಣ್ಣು ಹುಡುಕುತ್ತಿರುವ ಸುದ್ದಿ ಬಂತು. ಮಗಳ ಶಾಲೆಯ ಶುಲ್ಕ ಕೇಳಿದರೆ ಮೈದುನ ಅದೇ ಕಾಗದದ ಫೋಟೋ ಕಳಿಸಿದ.

ಆಗ ವಕೀಲರೊಬ್ಬರ ಬಳಿ ಹೋದೆ. ನೋಟರಿ ಮೊಹರಿನಿಂದ ಮದುವೆ ಮುರಿಯುವುದಿಲ್ಲ ಎಂದು ಅವರು ನಕ್ಕರು. ಹಿಂದೂ ವಿವಾಹ ಕಾಯ್ದೆ, 1955ರ 13ಬಿ ಕಲಮಿನಂತೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು, ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಸಾಮಾನ್ಯವಾಗಿ ಮತ್ತೆ ಆರು ತಿಂಗಳು ಕಾಯಬೇಕು. ಈ ಕಾಗದ ನಂಬಿ ಗಂಡ ಇನ್ನೊಂದು ಮದುವೆಯಾಗಿದ್ದರೆ ಅದು ಅಪರಾಧವಾಗುತ್ತಿತ್ತು. ಮಗುವಿನ ಜೀವನಾಂಶವನ್ನಂತೂ ತಾಯಿ ತನ್ನ ಸಹಿಯಿಂದ ಬಿಟ್ಟುಕೊಡಲು ಬರುವುದಿಲ್ಲ.

ಸ್ವಲ್ಪ ದಿನ ದೂರ ಇರಬೇಕೆನ್ನುವವರು ಬಾಡಿಗೆ ಯಾರು ಕಟ್ಟುವುದು, ಮಗು ಯಾವ ವಾರ ಎಲ್ಲಿರಬೇಕು, ಯಾವ ತಾರೀಕಿಗೆ ಮತ್ತೆ ಭೇಟಿ ಎಂಬಷ್ಟನ್ನು ನೋಟ್ ಪುಸ್ತಕದಲ್ಲಿ ನೀವೇ ಬರೆದುಕೊಳ್ಳಿ. ‘ಹಕ್ಕುಬಾಧ್ಯತೆ ಇಲ್ಲ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಸಲಹೆ ಬೇಕೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ. ಇದು ನನಗೆ ಮೊದಲೇ ಗೊತ್ತಿದ್ದರೆ ಎಂಟು ಸಾವಿರವಾದರೂ ಉಳಿಯುತ್ತಿತ್ತು.

ಕೊನೆಗೆ ಮಧ್ಯಸ್ಥಿಕೆ ಕೇಂದ್ರದಲ್ಲಿ ಎದುರುಬದುರು ಕೂತೆವು. ಎಂಟು ತಿಂಗಳ ನಂತರ ಅವರು ಮೊದಲು ಕೇಳಿದ್ದು, ‘ಅಷ್ಟು ಕಠಿಣವಾಗಿ ಯಾಕೆ ಬರೆಸಿದೆ?’ ಎಂದು. ನಾನು ಬರೆಸಿರಲಿಲ್ಲ. ಅವರೂ ಬರೆಸಿರಲಿಲ್ಲ. ಅಂಗಡಿಯವನ ಕಂಪ್ಯೂಟರಿನಲ್ಲಿದ್ದ ಹಳೆಯ ನಮೂನೆಯಲ್ಲಿ ನಮ್ಮ ಹೆಸರು ತುಂಬಿಸಿದ್ದರು, ಅಷ್ಟೇ. ಎರಡನೆಯ ಪುಟದಲ್ಲಿ ಒಂದು ಕಡೆ ಬೇರೆ ಯಾರದೋ ಹೆಂಡತಿಯ ಹೆಸರು ಹಾಗೆಯೇ ಉಳಿದಿತ್ತು. ಮುಂದಿನ ಭೇಟಿ ಹದಿನೈದು ದಿನಕ್ಕೆ ನಿಗದಿಯಾಗಿದೆ.