ಮಳೆ ಸದ್ದಿಗೆ ಎದೆ ಡವಗುಟ್ಟಿದರೆ: ಫೋನಾ, ಆಸ್ಪತ್ರೆಯಾ?

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ಕಂಡ ಕೆಲವರಿಗೆ ಇವತ್ತಿಗೂ ಶೀಟಿನ ಮೇಲೆ ಜೋರು ಮಳೆ ಬಿದ್ದರೆ ನಿದ್ದೆ ಹಾರಿಹೋಗುತ್ತದೆ. ಚಪ್ಪಲಿ, ಟಾರ್ಚು ಮಂಚದ ಪಕ್ಕವೇ ಇಟ್ಟು ಮಲಗುತ್ತಾರೆ. ಇದು ಪುಕ್ಕಲುತನ ಅಲ್ಲ, ಮನಸ್ಸಿಗಾದ ಗಾಯ.

ಟೆಲಿ ಮಾನಸ್, ಅಂದರೆ 14416, 2022ರಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಅಲ್ವಾ, ಮುಖ ತೋರಿಸದೆ ಹೇಳಿಕೊಳ್ಳೋದು ಸುಲಭ. ಆದರೆ ಮಳೆಗಾಲದಲ್ಲಿ ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುವುದುಂಟು.

ಮಡಿಕೇರಿಯ ಜಿಲ್ಲಾಸ್ಪತ್ರೆ ಅಂದರೆ ಬಸ್ಸು, ಚೀಟಿ, ಸಾಲು. ಅರ್ಧ ದಿನದ ಕೆಲಸ ಕೆಡುತ್ತದೆ. ಆದರೂ ಮನೋವೈದ್ಯರು ಎದುರು ಕೂತು ನೋಡುತ್ತಾರೆ. ಮಾತ್ರೆ ಬೇಕಾ, ಕೆಲವು ವಾರ ಆಪ್ತಸಮಾಲೋಚನೆ ಸಾಕಾ ಅಂತ ಅವರೇ ಹೇಳಬೇಕು. ಘಟನೆಯಾಗಿ ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿಬೀಳೋದು ನಿಲ್ಲದಿದ್ದರೆ, ಮರೆಯಲೆಂದು ಕುಡಿತ ಜಾಸ್ತಿಯಾಗಿದ್ದರೆ, ನಾನಂತೂ ಆಸ್ಪತ್ರೆಯನ್ನೇ ಹೇಳುತ್ತೇನೆ.

ಮುಜುಗರವಾದರೆ ಫೋನಿನಿಂದಲೇ ಶುರು ಮಾಡಿ, ಮುಂದೆ ಎಲ್ಲಿಗೆ ಹೋಗಬೇಕೆಂದು ಅವರೇ ತಿಳಿಸುತ್ತಾರೆ. ಸಾಯಬೇಕು ಅನ್ನಿಸುತ್ತಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ಆಗಲೇ 14416 ಒತ್ತಿ.